ಏಳನೆಯ ಕೆರೆಯ ಕೆಳಗೆ ಯಾರಿದ್ದಾರೆ?

ಪ್ರಶ್ನೆ: "ಹಗಲೆಲ್ಲ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು ರಾತ್ರಿ ಬರೆಯಲು ಕೂರುವವನು ನಾನು. ಮೂರು ವರ್ಷಗಳಿಂದ ಒಂದು ಫ್ಯಾಂಟಸಿ ಕಾದಂಬರಿಗಾಗಿ 'ನೀಲಾಂತರು' ಎಂಬ ಕಾಲ್ಪನಿಕ ಜನಾಂಗವನ್ನು ಕಟ್ಟುತ್ತಿದ್ದೇನೆ. ಎತ್ತರದ ಬಯಲುಸೀಮೆಯಲ್ಲಿ ಒಂದರ ಕೆಳಗೊಂದರಂತೆ ಇರುವ ಏಳು ಕೆರೆಗಳ ಸುತ್ತ ಇವರ ವಾಸ. 63 ಅರಸರ ವಂಶಾವಳಿ, ಐದು ದೇವತೆಗಳು, ಸ್ವಂತ ಲಿಪಿ, ಹಬ್ಬಗಳ ಪಟ್ಟಿ, ನಕ್ಷೆ ಎಲ್ಲ ಸೇರಿ ಟಿಪ್ಪಣಿಯೇ 140 ಪುಟವಾಗಿದೆ. ಮೊದಲ ನಾಲ್ಕು ಅಧ್ಯಾಯ ಓದಿದ ಗೆಳೆಯರು 'ಪಠ್ಯಪುಸ್ತಕದಂತಿದೆ, ಇಲ್ಲಿ ಯಾರೂ ವಾಸವಿಲ್ಲ' ಎಂದರು. ನೀಲಾಂತರ ಶತ್ರುಗಳಾಗಿ ಹುಟ್ಟಿನಿಂದಲೇ ಕಳ್ಳರಾದ 'ಕರಡರು' ಎಂಬವರನ್ನು ಇಟ್ಟಿದ್ದೆ. ಇದು ನಮ್ಮ ನಡುವಿನ ಸಮುದಾಯಗಳ ಮೇಲೆ ಹೊರಿಸಿದ ಅಪವಾದದಂತೆಯೇ ಇದೆ ಎಂದು ಗೆಳತಿಯೊಬ್ಬಳು ನೊಂದುಕೊಂಡಳು. ಕರಗದಂಥ ಆಚರಣೆಯನ್ನು ಹೆಸರು ಬದಲಿಸಿ ಬಳಸಿಕೊಳ್ಳುವುದೂ ತಪ್ಪೇ? ಕಲ್ಪನೆಯ ಲೋಕಕ್ಕೆ ಇಷ್ಟೆಲ್ಲ ಕಟ್ಟುಪಾಡು ಏಕೆ? ಎಲ್ಲವನ್ನೂ ಬಿಸಾಡಿ ಹೊಸದಾಗಿ ಆರಂಭಿಸಲೇ?"
— ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಮೇಲ್ನೋಟಕ್ಕೆ ಹಲವು ಪ್ರಶ್ನೆಗಳಿವೆ, ಆದರೆ ಆತಂಕ ಒಂದೇ: ಇಷ್ಟು ಶ್ರಮಪಟ್ಟು ಕಟ್ಟಿದ ಜನಾಂಗ ಏಕೆ ಉಸಿರಾಡುತ್ತಿಲ್ಲ, ಉಸಿರಾಡಿಸಲು ಹೊರಟರೆ ಯಾರ ಮನಸ್ಸನ್ನು ನೋಯಿಸಿಬಿಡುತ್ತೇನೋ ಎಂಬುದು. ನಾನು ಹಲವು ವರ್ಷ ಶಾಸನ ಮತ್ತು ಗ್ರಾಮಚರಿತ್ರೆಯ ಪಾಠ ಹೇಳಿದವನು. ನಿವೃತ್ತಿಯ ನಂತರ ಹೊಸ ಲೇಖಕರ ಹಸ್ತಪ್ರತಿಗಳನ್ನು ಓದಿ ತಿದ್ದುವ ಕೆಲಸಕ್ಕೆ ಬಿದ್ದಿದ್ದೇನೆ. ಆ ಎರಡು ಅನುಭವಗಳ ಬಲದಿಂದ ಹೇಳುವುದಾದರೆ ಬಿಸಾಡುವ ಅಗತ್ಯವಿಲ್ಲ. ನಿಮ್ಮ ಬಳಿ ಇರುವುದರಲ್ಲಿ ಅತ್ಯಂತ ಬೆಲೆಬಾಳುವ ಸಂಗತಿಯನ್ನು ನೀವೇ ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗಿಬಿಟ್ಟಿದ್ದೀರಿ: ಏಳು ಕೆರೆ, ಒಂದರ ಕೆಳಗೊಂದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಕಾಲ್ಪನಿಕ ಜನಾಂಗಕ್ಕೆ ಮೊದಲು ಇತಿಹಾಸ ಪೂರ್ಣವಾಗಬೇಕು, ಕಥೆ ಆಮೇಲೆ ಎಂಬ ನಂಬಿಕೆ ನನ್ನ ಬಳಿ ಬರುವ ಹೆಚ್ಚಿನ ಹಸ್ತಪ್ರತಿಗಳಲ್ಲಿದೆ. ಇತಿಹಾಸ ಎಂದರೆ ಅರಸರ ಪಟ್ಟಿ ಎಂದು ಶಾಲೆಯಲ್ಲಿ ಕಲಿತದ್ದರ ಫಲ ಇದು. ಯಾವ ಊರಿನ ಜನರೂ ತಮ್ಮ ಕಾಲವನ್ನು ಅರಸರಿಂದ ಎಣಿಸುವುದಿಲ್ಲ. ನಮ್ಮ ಮೈಸೂರು ಸೀಮೆಯ ಹಿರಿಯರು 1876ರಿಂದ 1878ರವರೆಗಿನ ಮಹಾ ಬರಗಾಲವನ್ನು ಆ ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರ ಬರ ಎಂದು ನೆನೆಯುತ್ತಿದ್ದರು. ಆಗ ಪಟ್ಟದಲ್ಲಿ ಯಾರಿದ್ದರು, ಕಮಿಷನರ್ ಯಾರು ಎಂಬುದು ಅವರಿಗೆ ಬೇಕಿರಲಿಲ್ಲ. ಯಾರ ಮನೆಯ ಹಗೇವಿನಲ್ಲಿ ರಾಗಿ ಉಳಿದಿತ್ತು, ಯಾರು ಅದನ್ನು ಹಂಚಿದರು, ಯಾರು ಮುಚ್ಚಿಟ್ಟರು ಎಂಬುದು ನೆನಪಿರುತ್ತಿತ್ತು. ಹಗೇವನ್ನೇ ಒಮ್ಮೆ ಹತ್ತಿರದಿಂದ ನೋಡಿ. ನೆಲದೊಳಗೆ ತೋಡಿದ ಕಣಜ ಅದು; ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ರಾಗಿ ವರ್ಷಗಟ್ಟಲೆ ಕೆಡದೆ ಕೂರುತ್ತದೆ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿಗೆ ಪ್ರಾಣ ಹೋಗುವ ಭಯವಿದೆ. ಅದಕ್ಕೇ ಸಾಕಷ್ಟು ಹೊತ್ತು ತೆರೆದಿಟ್ಟು, ದೀಪ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಾನೆ. ಹಸಿದ ಮಕ್ಕಳು ಬಾಯಿಯ ಸುತ್ತ ಕೂತು ಆ ದೀಪವನ್ನೇ ನೋಡುತ್ತಿರುವ ಒಂದು ಹೊತ್ತು ನಿಮ್ಮ 63 ಅರಸರಿಗಿಂತ ಹೆಚ್ಚು ಇತಿಹಾಸವನ್ನು ಹೇಳಬಲ್ಲದು. ನಿಮ್ಮ 140 ಪುಟಗಳ ಸಾರಾಂಶವನ್ನು ಎರಡು ಸಲ ಓದಿದೆ. ನೀಲಾಂತರು ಏನು ತಿನ್ನುತ್ತಾರೆ, ಅದನ್ನು ಎಲ್ಲಿ ಕೂಡಿಡುತ್ತಾರೆ ಎಂಬುದು ಒಂದು ಕಡೆಯೂ ಇಲ್ಲ.

ಈಗ ಕೆರೆಗಳಿಗೆ ಬರುತ್ತೇನೆ, ಏಕೆಂದರೆ ಕಾಯಿಲೆಯ ಮೂಲವೂ ಮದ್ದೂ ಅಲ್ಲಿವೆ. ನೀವು ಬೆಂಗಳೂರಿನವರು. ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ, ವರ್ಷವಿಡೀ ತುಂಬಿ ಹರಿಯುವ ಹೊಳೆ ಇಲ್ಲಿಲ್ಲ. ಆದ್ದರಿಂದ ಹಿಂದಿನವರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ ಮಳೆನೀರನ್ನು ಹಿಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಏರಿಯ ಅಡಿಯಿಂದ ನೀರು ಬಿಡುವ ತೂಬು ಎತ್ತಿದಾಗ ಹೊರಡುವ ನೀರು ಅಚ್ಚುಕಟ್ಟಿನ ಗದ್ದೆಗೆ ಹೋಗುತ್ತದೆ, ಕೋಡಿಯ ನೀರು ಮುಂದಿನ ಊರಿಗೆ. ಈ ಎರಡು ಬಾಗಿಲುಗಳ ವ್ಯತ್ಯಾಸದಲ್ಲೇ ಒಂದು ಸಮಾಜದ ಇಡೀ ರಾಜಕೀಯ ಅಡಗಿದೆ. ಮೇಲಿನವರು ಕೋಡಿಯ ಮೇಲೆ ಒಂದು ಮೊಳ ಕಲ್ಲು ಪೇರಿಸಿದರೆ ಅವರ ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತದೆ, ಕೆಳಗಿನ ಊರಿಗೆ ಆ ವರ್ಷ ಬೆಳೆ ಇಲ್ಲ. ಮಳೆ ಹೆಚ್ಚಾಗಿ ಮೇಲಿನ ಏರಿ ಒಡೆದರೆ ಮೊದಲು ಕೊಚ್ಚಿಹೋಗುವವರೂ ಕೆಳಗಿನವರೇ. ಮಳೆ ಬಾರದಿದ್ದರೂ ಕಷ್ಟ, ಬಂದರೂ ಕಷ್ಟ.

ನೀವು ಏಳು ಕೆರೆಗಳನ್ನು ನಕ್ಷೆಯಲ್ಲಿ ನೀಲಿ ಮುತ್ತುಗಳಂತೆ ಜೋಡಿಸಿ, ಏಳರ ದಡದಲ್ಲೂ ಒಂದೇ ಬಗೆಯ ಉಡುಪಿನ, ಒಂದೇ ಹಬ್ಬದ, ಒಂದೇ ಸಿರಿವಂತಿಕೆಯ ಜನರನ್ನು ಕೂರಿಸಿದ್ದೀರಿ. ಅದು ಆಗದ ಮಾತು. ಒಂದನೆಯ ಕೆರೆಯವರು ನಿಯಮ ಮಾಡುತ್ತಾರೆ, ನಾಲ್ಕನೆಯ ಕೆರೆಯವರು ಎರಡೂ ಕಡೆ ಹೆಣ್ಣು ಕೊಟ್ಟು ತಂದು ಎಲ್ಲರ ನೆಂಟರಾಗಿರುತ್ತಾರೆ, ಏಳನೆಯ ಕೆರೆಯವರು ಆಕಾಶ ನೋಡುತ್ತಾರೆ. ನೀವು ಹೇಳಿದ ಐದು ದೇವತೆಗಳನ್ನೂ ಎಲ್ಲರೂ ಒಂದೇ ಭಕ್ತಿಯಿಂದ ಪೂಜಿಸುವುದಿಲ್ಲ. ಮಳೆಯ ದೇವತೆಗೆ ಏಳನೆಯ ಕೆರೆಯಲ್ಲಿ ಜಾತ್ರೆ ನಡೆದರೆ, ಒಂದನೆಯ ಕೆರೆಯಲ್ಲಿ ಅವಳ ಗುಡಿಯ ಬಾಗಿಲಿಗೆ ಗೆದ್ದಲು ಹತ್ತಿರುತ್ತದೆ.

ನೀರನ್ನು ಹಂಚುವವರು ಯಾರು ಎಂಬುದನ್ನೂ ತೀರ್ಮಾನಿಸಿ. ನಮ್ಮಲ್ಲಿ ಆ ಕೆಲಸ ನೀರಗಂಟಿಯದು. ತೂಬು ತೆಗೆಯುವುದು, ಮುಚ್ಚುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳುವುದು ಅವನ ಹೊಣೆ. ಪ್ರತಿಫಲವಾಗಿ ಸುಗ್ಗಿಯಲ್ಲಿ ಕಣದಿಂದ ಆಯದ ಧಾನ್ಯ. ಹಲವು ಊರುಗಳಲ್ಲಿ ಈ ಹೊಣೆ ಭೂಮಿಯಿಲ್ಲದ ದಲಿತ ಕುಟುಂಬಗಳದಾಗಿತ್ತು. ಸ್ವಂತ ಗದ್ದೆ ಇಲ್ಲದವನು ಪಕ್ಷಪಾತ ಮಾಡಲಾರ ಎಂಬುದು ಅದಕ್ಕೆ ಊರವರು ಕೊಡುವ ಸಮರ್ಥನೆ. ಊರಿನ ಜೀವನಾಡಿಯನ್ನು ಕೈಯಲ್ಲಿ ಹಿಡಿದವನಿಗೆ ಊರಿನ ಒಳಗೆ ಮನೆಯಿಲ್ಲ ಎಂಬ ಈ ವಿಪರ್ಯಾಸವನ್ನು ಯಾವ ಕಲ್ಪನೆಯೂ ಸುಲಭವಾಗಿ ಹುಟ್ಟಿಸಲಾರದು. ನಿಮ್ಮ ನೀಲಾಂತರಲ್ಲಿ ಹೊತ್ತನ್ನು ಹೇಗೆ ಅಳೆಯುತ್ತಾರೆ? ಗಳಿಗೆ ಬಟ್ಟಲು ಇರಬಹುದು: ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತು ಒಂದು ಗಳಿಗೆ, ಅಂದರೆ 24 ನಿಮಿಷ. ಆ ತೂತು ಕೂದಲೆಳೆಯಷ್ಟು ಹಿಗ್ಗಿದರೆ ಬಟ್ಟಲು ಬೇಗ ಮುಳುಗುತ್ತದೆ, ಸರದಿಯಲ್ಲಿರುವವರ ಗಳಿಗೆ ಗಿಡ್ಡವಾಗುತ್ತದೆ. ನಿಮ್ಮ ಕಾದಂಬರಿಯಲ್ಲಿ ಮಾಯಾಖಡ್ಗವಿದೆಯಂತೆ, ಇರಲಿ. ತೂತು ಹಿಗ್ಗಿಸಿದ ಸೂಜಿಯೂ ಒಂದು ಇರಲಿ.

ಕರಡರ ವಿಷಯವನ್ನು ಇಲ್ಲೇ ಎತ್ತಿಕೊಳ್ಳುತ್ತೇನೆ. ನಿಮ್ಮ ಗೆಳತಿ ಹೇಳಿದ್ದು ಸರಿ. ಒಂದು ಇಡೀ ಜನ ಹುಟ್ಟಿನಿಂದಲೇ ಕಳ್ಳರು ಎಂಬುದು ಕೇವಲ ಕಥೆಗಾರರ ಸೋಮಾರಿತನವಲ್ಲ, ಒಂದು ಕಾಲಕ್ಕೆ ಅದು ಈ ದೇಶದ ಕಾನೂನಾಗಿತ್ತು. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು, ಮೊದಲು ಉತ್ತರ ಭಾರತದಲ್ಲಿ; 1911ರಲ್ಲಿ ಅದು ಮದರಾಸು ಪ್ರಾಂತ್ಯಕ್ಕೂ ಬಂತು. ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ ಅಲೆಮಾರಿಗಳ ಕಸುಬು ರೈಲು ಬಂದ ಮೇಲೆ ಕುಸಿಯಿತು. ಕೆಲಸವಿಲ್ಲದೆ ತಿರುಗುವವರು ಎಂಬ ಕಾರಣಕ್ಕೇ ಅವರ ಮೇಲೆ ಗುಮಾನಿ ಬಿತ್ತು, ಗುಮಾನಿ ದಾಖಲೆಯಾಯಿತು, ದಾಖಲೆ ಮಕ್ಕಳಿಗೂ ಅಂಟಿತು. ಕಾಯಿದೆ ರದ್ದಾದದ್ದು 1952ರಲ್ಲಿ. ಹೆಸರು ಹೋದರೂ ಪೊಲೀಸ್ ಠಾಣೆಯ ಹಾಗೂ ಊರಿನ ನೆನಪಿನಿಂದ ಅದು ಪೂರ್ತಿ ಹೋಗಿಲ್ಲ. ಕಾಲ್ಪನಿಕ ಹೆಸರು ಇಟ್ಟಿದ್ದೇನೆ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಓದುಗ ಹೆಸರನ್ನು ಮರೆತು ಆಕಾರವನ್ನು ಗುರುತಿಸುತ್ತಾನೆ.

ಹಾಗೆಂದು ಕರಡರನ್ನು ಕೈಬಿಡಬೇಡಿ. ಅವರು ಯಾರು ಎಂದು ನನಗೆ ನಿಮ್ಮ ನಕ್ಷೆಯನ್ನು ನೋಡಿದೊಡನೆ ತಿಳಿಯಿತು: ಏಳನೆಯ ಕೆರೆಯ ಕೆಳಗಿನವರು. ಬೇಸಿಗೆಯ ರಾತ್ರಿ ಮೇಲೆ ಹೋಗಿ ತೂಬು ಎತ್ತುವವರು. ಮೇಲಿನವರ ಬಾಯಲ್ಲಿ ಅದು ಕಳ್ಳತನ. ಅವರ ಬಾಯಲ್ಲಿ ಅದು ತಮ್ಮ ಮುತ್ತಜ್ಜ ಏರಿಗೆ ಮಣ್ಣು ಹೊತ್ತದ್ದಕ್ಕೆ ಬರಬೇಕಾದ ಪಾಲು. ಇಬ್ಬರ ಮಾತಿಗೂ ಆಧಾರವಿರಲಿ. ಕಳ್ಳರು ಎಂಬ ಹೆಸರನ್ನು ಕಥೆ ಹೇಳುವವರು ಇಡದೆ ಪಾತ್ರವೊಂದು ಇಟ್ಟರೆ, ಆ ಪಾತ್ರಕ್ಕೆ ಹಾಗೆ ಕರೆಯುವುದರಿಂದ ಏನು ಲಾಭ ಎಂಬುದು ಓದುಗರಿಗೆ ಕಂಡರೆ, ನಿಮ್ಮ ಗೆಳತಿಯ ಆಕ್ಷೇಪಣೆಗೆ ಉತ್ತರ ಸಿಗುತ್ತದೆ.

ಇನ್ನು ಇತಿಹಾಸ ಮತ್ತು ಐತಿಹ್ಯದ ವಿಚಾರ. ನಿಮ್ಮ ನೀಲಾಂತರಿಗೆ ಒಂದೇ ಇತಿಹಾಸವಿದೆ, ಅದನ್ನು ಎಲ್ಲರೂ ಸರಿಯಾಗಿ ತಿಳಿದುಕೊಂಡಿದ್ದಾರೆ. ಇದು ನಿಜಜೀವನದಲ್ಲಿ ನಾನು ಎಲ್ಲೂ ಕಾಣದ ಪವಾಡ. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಹೊಯ್ಸಳ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿ ಹಸಿದು ಬಂದಾಗ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂದಾಯಿತು ಎಂದು ನಾವೆಲ್ಲ ಕೇಳಿ ಬೆಳೆದವರು. ಆದರೆ ಬೇಗೂರಿನ ದೇವಾಲಯದಲ್ಲಿರುವ, ಕ್ರಿ.ಶ. 890ರ ಸುಮಾರಿನ ಗಂಗರ ಕಾಲದ ವೀರಗಲ್ಲು ಬೆಂಗಳೂರಿನ ಕಾಳಗವೊಂದನ್ನು ಹೆಸರಿಸುತ್ತದೆ. ಬಲ್ಲಾಳ ಬೇಟೆಗೆ ಹೊರಡುವುದಕ್ಕೆ ಸುಮಾರು 300 ವರ್ಷ ಮುಂಚೆಯೇ ಊರಿಗೆ ಆ ಹೆಸರಿತ್ತು. ಕಲ್ಲು ಸರಿ, ಕಥೆ ತಪ್ಪು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಈಗ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಊರು ತನ್ನ ಬಗ್ಗೆ ಏನನ್ನು ನಂಬಲು ಇಷ್ಟಪಟ್ಟಿತು ಎಂಬುದನ್ನು ಆ ಕಥೆ ಹೇಳುತ್ತದೆ: ಯುದ್ಧದಲ್ಲಿ ಸತ್ತವರ ಊರಾಗಿರುವುದಕ್ಕಿಂತ, ಹಸಿದ ಅರಸನಿಗೂ ತುತ್ತು ಕೊಟ್ಟ ಮುದುಕಿಯ ಊರಾಗಿರುವುದು ಇದಕ್ಕೆ ಹಿತವಾಗಿತ್ತು.

ಆನೇಕಲ್ಲಿನ ಕಡೆಯ ಒಂದು ಹಳ್ಳಿಯಲ್ಲಿ ನಾನು ನೋಡಿದ ಕಲ್ಲು ಇದಕ್ಕಿಂತ ಸೊಗಸು. ಸಾಮಾನ್ಯ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು ಮತ್ತು ಕಾದಾಟ, ನಡುವೆ ವೀರನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ತುರುಗಾಳಗದಲ್ಲಿ, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯುವಲ್ಲಿ ಸತ್ತವನು. ನಾನು ಅಕ್ಷರ ಓದಲು ಹಿಟ್ಟು ಸವರುತ್ತಿದ್ದಾಗ ಒಬ್ಬ ಅಜ್ಜಿ ಬಂದು, "ಮಗೀಗೆ ಕೆಮ್ಮಾ ಸ್ವಾಮಿ?" ಎಂದು ಕೇಳಿದರು. ಮಕ್ಕಳಿಗೆ ನಾಯಿಕೆಮ್ಮು ಹತ್ತಿದರೆ ಆ ಕಲ್ಲಿಗೆ ಎಣ್ಣೆ ಹಚ್ಚುವುದು ಅಲ್ಲಿನ ಪದ್ಧತಿಯಂತೆ. ಈ ಅಪ್ಪ ಊರಿಗೆ ನುಗ್ಗಿದ ಕೆಮ್ಮನ್ನು ಈಟಿಯಿಂದ ತಿವಿದು ಕೊಂದವನು ಎಂದು ಅವರು ವಿವರಿಸಿದರು. ದನಗಳು ಯಾಕಿವೆ ಎಂದು ಕೇಳಿದ್ದಕ್ಕೆ, ಔಷಧಕ್ಕೆ ಹಾಲು ಬೇಡವೇ ಎಂದರು.

ನಿಮ್ಮ ಟಿಪ್ಪಣಿಗೆ ಬೇಕಿರುವುದು ಇಂಥ ಅಜ್ಜಿ. ಒಂದು ಅಭ್ಯಾಸ ಮಾಡಿ ನೋಡಿ. ಮೂರನೆಯ ಕೆರೆಯ ಏರಿಯ ಮೇಲೆ ಒಂದು ಶಾಸನ ನೆಡಿ, ಹತ್ತು ಸಾಲು ಸಾಕು. ನಮ್ಮ ಶಾಸನಗಳು ಕೆರೆ ಕಟ್ಟಿದವನಿಗೆ ಬಿಟ್ಟ ಭೂಮಿಯನ್ನು ಕಟ್ಟುಕೊಡಗೆ ಎನ್ನುತ್ತವೆ, ಬಿತ್ತುವಟ್ಟ, ದಶವಂದ ಎಂಬ ದತ್ತಿಗಳೂ ಇವೆ. ಕೊನೆಯಲ್ಲಿ ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಶಾಪ ಬರುತ್ತದೆ. ನೀಲಾಂತರಿಗೆ ವಾರಣಾಸಿ ಇಲ್ಲ. ಹಾಗಾದರೆ ಅವರ ಪಾಲಿಗೆ ಎಲ್ಲಕ್ಕಿಂತ ಹೇಯವಾದದ್ದು ಯಾವುದು? ನನಗೆ ತೋಚಿದ್ದು ಇದು: "ಸರದಿ ತಪ್ಪಿಸಿ ತೂಬನೆತ್ತಿದವನು ಬಿತ್ತನೆಯ ಬೀಜವನ್ನು ಬೇಯಿಸಿ ಉಂಡವನು." ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆಯಬಹುದು. ಆಮೇಲೆ 400 ವರ್ಷ ಬಿಟ್ಟು, ಅಕ್ಷರ ಓದಲು ಬಾರದ ಯಾರಾದರೂ ಅದೇ ಕಲ್ಲಿನ ಕಥೆಯನ್ನು ಮೊಮ್ಮಗನಿಗೆ ತಪ್ಪಾಗಿ ಹೇಳಲಿ. ಆ ಎರಡು ಪುಟ ಬರೆದ ಮೇಲೆ ವಂಶಾವಳಿಯಲ್ಲಿ ಯಾವ ಅರಸ ಬೇಕು, ಯಾರು ಬೇಡ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಕರಗದ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು. ಬೆಂಗಳೂರು ಕರಗ ತಿಗಳ ಸಮುದಾಯದವರು ಇಂದಿಗೂ ವ್ರತ ಹಿಡಿದು ನಡೆಸುವ ದ್ರೌಪದಿಯ ಉತ್ಸವ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು, ಕತ್ತಿ ಹಿಡಿದ ವೀರಕುಮಾರರ ನಡುವೆ ಪೇಟೆಯ ಬೀದಿಗಳಲ್ಲಿ ಸಾಗಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಅದಕ್ಕೆ ಮುಂಚಿನ ವಿಧಿಯಾದ ಹಸಿಕರಗ ನಡೆಯುವುದು ಸಂಪಂಗಿ ಕೆರೆಯ ದಡದಲ್ಲಿ. ಆ ಕೆರೆ ಈಗ ಎಲ್ಲಿದೆ? ಬಹುಭಾಗ ಕಂಠೀರವ ಕ್ರೀಡಾಂಗಣವಾಯಿತು, ಪಕ್ಕದಲ್ಲೊಂದು ಪುಟ್ಟ ಕೊಳ ಉಳಿದಿದೆ. ಸುತ್ತಲಿನ ಗದ್ದೆ ತೋಟಗಳಿಗೆ ನೀರುಣಿಸಿದ ಕೆರೆ ಹೋದರೂ ಕರಗಕ್ಕೆ ಬೇಕಾಗುವಷ್ಟು ನೀರನ್ನು ಊರು ಉಳಿಸಿಕೊಂಡಿತು. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಹೀಗೆಯೇ. ಸುಂಕೇನಹಳ್ಳಿಯ ಕಡಲೆಕಾಯಿ ಹೊಲಗಳು ಮನೆಗಳಾಗಿ ಎಷ್ಟೋ ಕಾಲವಾಯಿತು, ಕಾರ್ತಿಕದ ಕೊನೆಯ ಸೋಮವಾರ ಬಸವನಿಗೆ ಕಾಯಿ ಸಲ್ಲುವುದು ನಿಂತಿಲ್ಲ.

ನೀವು ಎರವಲು ಪಡೆಯಬೇಕಾದದ್ದು ಈ ಕ್ರಮವನ್ನು, ಕರಗದ ಹೂವಿನ ಗೋಪುರವನ್ನಲ್ಲ. ಕಾರಣ ಕಳೆದುಹೋಗಿ ಆಚರಣೆ ಉಳಿಯುತ್ತದೆ ಎಂಬುದು ಯಾವ ಸಮುದಾಯಕ್ಕೂ ಸೇರಿದ ಆಸ್ತಿಯಲ್ಲ. ಆದರೆ ತಲೆಯ ಮೇಲಿನ ಕರಗ, ವೀರಕುಮಾರರ ಕತ್ತಿ, ಹೆಣ್ಣುಡುಗೆಯ ಪೂಜಾರಿ ಇವುಗಳನ್ನು ಹಾಗೆ ಹಾಗೆಯೇ ಎತ್ತಿ ನೀಲಾಂತರ ಮೇಲೆ ಇರಿಸಿದರೆ, ಬದುಕಿರುವ ಜನರ ವ್ರತವನ್ನು ನಿಮ್ಮ ಕಥೆಯ ಅಲಂಕಾರಕ್ಕೆ ಬಳಸಿದಂತಾಗುತ್ತದೆ. ಕಥೆಯಲ್ಲಿ ಆ ಪೂಜಾರಿ ದ್ರೋಹಿಯಾದರೆ ಅದರ ಕಹಿ ನೇರವಾಗಿ ಅವರಿಗೆ ತಟ್ಟುತ್ತದೆ. ಒಂದೇ ಸಮುದಾಯವನ್ನು ಮುಕ್ತವಾಗಿ ಆಧರಿಸಿ ಬರೆಯಲೇಬೇಕೆಂದಿದ್ದರೆ ಅವರೊಡನೆ ಕೂತು ಮಾತಾಡಿ, ಹಸ್ತಪ್ರತಿಯನ್ನು ಅವರಲ್ಲೊಬ್ಬರಿಗೆ ಓದಿಸಿ, ಬೇಡವೆಂದದ್ದನ್ನು ಬಿಡಲು ಸಿದ್ಧರಿರಿ. ಇದು ವರ್ಷಗಳ ಕೆಲಸ. ಹತ್ತು ಸಮುದಾಯಗಳಿಂದ ಚೂರುಚೂರು ತಂದು ಬೆರೆಸಿದರೆ ಯಾರಿಗೂ ನೋವಾಗುವುದಿಲ್ಲ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದರ ಅಪಾಯ ಬೇರೆ, ಅದು ಮೇಳದ ಮಳಿಗೆಯಂತಾಗುತ್ತದೆ, ಯಾವ ಹಬ್ಬಕ್ಕೂ ಬೇರಿರುವುದಿಲ್ಲ. ಯಾವುದನ್ನೂ ಇಲ್ಲಿಂದ ತರುವುದೇ ಬೇಡ ಎಂದು ಹೊರಟವರ ಗತಿಯನ್ನೂ ನೋಡಿದ್ದೇನೆ. ಗೊರಗುಂಟೆಪಾಳ್ಯದಲ್ಲಿ ಕೂತು ಹಿಮ ಬೀಳಿಸುತ್ತಾರೆ, ಪಾತ್ರಗಳು ಬೆಂಕಿಗೂಡಿನ ಮುಂದೆ ಒಣರೊಟ್ಟಿ ಕಡಿಯುತ್ತವೆ. ಸ್ವತಂತ್ರ ಕಲ್ಪನೆ ಎಂದು ಅವರು ತಿಳಿದದ್ದು ಬೇರೆಯವರ ನಾಡಿನ ಮಧ್ಯಯುಗ. ನನ್ನ ಒಲವು ನೆಲದಿಂದ ಆರಂಭಿಸುವ ಕಡೆಗೆ: ನೀರು, ಬೆಳೆ, ಕಸುಬು, ಪಾಲು ಇವನ್ನು ಮೊದಲು ಗಟ್ಟಿಮಾಡಿ, ಹಬ್ಬ ಅದರಿಂದ ಹುಟ್ಟಲಿ. ಕಲ್ಪನೆಗೆ ಕಟ್ಟುಪಾಡು ಏಕೆ ಎಂದು ಕೇಳಿದಿರಲ್ಲ, ಕಟ್ಟುಪಾಡು ಇಷ್ಟೇ. ನಿಮ್ಮ ಲೋಕದಲ್ಲಿ ನೀರು ಮೇಲಕ್ಕೆ ಹರಿಯುವುದಾದರೆ ಹರಿಯಲಿ, ಆದರೆ ಆಗ ಏಳನೆಯ ಕೆರೆಯವರೇ ಒಡೆಯರಾಗುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

ಭಾಷೆಯ ಬಗ್ಗೆ ಒಂದೆರಡು ಮಾತು. ಲಿಪಿಯನ್ನು ಬಿಡಿ, ಕಾದಂಬರಿಯಲ್ಲಿ ಅದನ್ನು ಯಾರೂ ಓದುವುದಿಲ್ಲ. ಹೆಸರುಗಳು ಸವೆಯಲಿ. ಹಳಗನ್ನಡದ ಪಾಲ್ ನಮಗೆ ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಒಂದು ಧ್ವನಿ ಬದಲಾದರೆ ಸಾಲುಸಾಲು ಪದಗಳು ಬದಲಾಗುತ್ತವೆ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳಲ್ಲಿರುವ ಸಂದ್ರ ಎಂಬುದು ಸಮುದ್ರದ ಸವೆದ ರೂಪ. ಸಮುದ್ರವನ್ನೇ ಕಾಣದ ಈ ದಿಣ್ಣೆಯ ಜನ ತಮ್ಮ ಕೆರೆಯನ್ನು ಸಮುದ್ರವೆಂದು ಕರೆದರು. ನಿಮ್ಮ ಏಳು ಕೆರೆಗಳ ಹೆಸರುಗಳಲ್ಲಿ ಎರಡಾದರೂ ಹೀಗೆ ಸವೆದು, ಅರ್ಥ ಏನೆಂದು ನೀಲಾಂತರೇ ಜಗಳವಾಡುವಂತಿರಲಿ. ನೀಲಾಂತರು ಎಂಬ ಹೆಸರೂ ನನಗೆ ಪುಸ್ತಕದಿಂದ ಬಂದಂತೆ ಕೇಳಿಸುತ್ತದೆ. ಅದು ಅವರೇ ಇಟ್ಟುಕೊಂಡದ್ದೇ, ತೆರಿಗೆ ವಸೂಲಿಗೆ ಬಂದವರು ಇಟ್ಟದ್ದೇ? ಏಳನೆಯ ಕೆರೆಯವರು ಮೇಲಿನವರನ್ನು ಖಂಡಿತ ಬೇರೆ ಏನಾದರೂ ಕರೆಯುತ್ತಾರೆ, ಬಹುಶಃ ಬಾಯಲ್ಲಿ ಆಡಲಾಗದಂಥದ್ದು.

140 ಪುಟಗಳನ್ನು ಒಂದು ಕಡತದಲ್ಲಿ ಕಟ್ಟಿ ಅಟ್ಟದ ಮೇಲಿಡಿ, ಬೇಕಾದಾಗ ಇಳಿಸಿಕೊಳ್ಳಬಹುದು. 63 ಅರಸರಲ್ಲಿ ಜನ ಇಂದಿಗೂ ಬೈಯುವ ಒಬ್ಬನನ್ನು ಮಾತ್ರ ಕೆಳಗೆ ಉಳಿಸಿಕೊಳ್ಳಿ, ಕೋಡಿಯ ಮೇಲೆ ಆ ಒಂದು ಮೊಳ ಕಲ್ಲು ಪೇರಿಸಿದವನು ಅವನೇ ಆಗಿರಲಿ. ಮೊದಲ ನಾಲ್ಕು ಅಧ್ಯಾಯಗಳನ್ನು ತಿದ್ದಲು ಹೋಗದೆ ಐದನೆಯದನ್ನು ಏಳನೆಯ ಕೆರೆಯಿಂದ ಆರಂಭಿಸಿ: ಅಲ್ಲಿ ನೀರು ತಳ ಕಾಣುವುದು ಯಾವ ತಿಂಗಳಲ್ಲಿ, ಆ ರಾತ್ರಿ ತೂಬಿನ ಕಡೆ ಹೊರಡುವ ಹುಡುಗಿಯ ಕೈಯಲ್ಲಿ ಏನಿರುತ್ತದೆ, ಏರಿಯ ಮೇಲೆ ಕಾವಲಿರುವ ನೀರಗಂಟಿಗೆ ಅವಳ ಗುರುತು ಹತ್ತುತ್ತದೆಯೇ. ಬರೆದ ಮೇಲೆ ಆ ಅಧ್ಯಾಯವನ್ನು ಮೊದಲು ನಿಮ್ಮ ಗೆಳತಿಗೆ ಕೊಡಿ, ನನಗೆ ಆಮೇಲೆ ಕಳುಹಿಸಿ.